ಉಳಿಸಬೇಕಾದದ್ದು ಮತ್ತು ಉಳಿಸಬಾರದ್ದು: ಬ್ರಿಸ್ಬೇನ್ ಮನೆಯ ನೀರು, ವಿದ್ಯುತ್ತು, ಬಿಲ್ಲು

ದುಂದುಗಾರನ ವಿಷಯ ಬಂದಾಗ "ದುಡ್ಡನ್ನು ನೀರಿನ ಹಾಗೆ ಖರ್ಚು ಮಾಡ್ತಾನೆ" ಎನ್ನುವುದು ನಮ್ಮ ರೂಢಿ. ನಾನು ಸಾಗರದ ಕಡೆಯವನು. ಜೂನ್ ಬಂತೆಂದರೆ ಬಾವಿ ತುಂಬಿ ಕೈಗೆ ನೀರು ಸಿಗುವ ಊರಿನಲ್ಲಿ ಬೆಳೆದವನಿಗೆ ನೀರು ಎಂದರೆ ಲೆಕ್ಕವಿಡದ ವಸ್ತು. ಈಗ ನಾನಿರುವ ಇಂಡೂರೂಪಿಲ್ಲಿಯ ಹೆಸರಿಗೆ ಇಲ್ಲಿನ ಮೂಲನಿವಾಸಿಗಳ ಭಾಷೆಯಲ್ಲಿ ಎರಡು ಅರ್ಥ ಹೇಳುತ್ತಾರೆ: ಒಂದು "ಜಿಗಣೆಗಳ ಹಳ್ಳ", ಇನ್ನೊಂದು "ಹರಿಯುವ ನೀರಿನ ಹಳ್ಳ". ಮಲೆನಾಡಿನವನಿಗೆ ಎರಡೂ ಹೊಸದಲ್ಲ! ಆದರೆ ಇಲ್ಲಿ ಮೂರು ತಿಂಗಳಿಗೊಮ್ಮೆ ನೀರಿಗೂ ಬಿಲ್ಲು ಬರುತ್ತದೆ ಎಂಬುದು ಮಾತ್ರ ಹೊಸದಾಗಿತ್ತು.

ವೈದ್ಯ ವೃತ್ತಿಯಿಂದ ನಿವೃತ್ತನಾದ ಮೇಲೆ ಸಂಬಳ ನಿಂತಿತು, ಬಿಲ್ಲುಗಳು ನಿಲ್ಲಲಿಲ್ಲ. ಆದ್ದರಿಂದ ರೋಗಿಯನ್ನು ಪರೀಕ್ಷಿಸುವ ಕ್ರಮದಲ್ಲೇ ನನ್ನ ಮನೆಯನ್ನು ಪರೀಕ್ಷಿಸತೊಡಗಿದೆ. ಅದರಿಂದ ಕಲಿತದ್ದನ್ನು, ಮತ್ತು ಮಾಡಿದ ಒಂದು ದೊಡ್ಡ ತಪ್ಪನ್ನು, ಸಂಘದ ಸದಸ್ಯರೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಬರ ಕಲಿಸಿದ ಪಾಠ

2007ರಲ್ಲಿ ಇಲ್ಲಿದ್ದವರಿಗೆ ಆ ವರ್ಷ ಮರೆಯುವಂತಿಲ್ಲ. ವೈವೆನ್ಹೋ, ಸಾಮರ್‌ಸೆಟ್, ನಾರ್ತ್ ಪೈನ್ ಈ ಮೂರು ಅಣೆಕಟ್ಟುಗಳ ಒಟ್ಟು ಸಂಗ್ರಹ ಆಗಸ್ಟ್ ಹೊತ್ತಿಗೆ ಸುಮಾರು ಶೇ. 17ಕ್ಕೆ ಇಳಿದಿತ್ತು. ಸರ್ಕಾರ "ಟಾರ್ಗೆಟ್ 140" ಎಂಬ ಗುರಿ ಕೊಟ್ಟಿತು: ಒಬ್ಬರಿಗೆ ದಿನಕ್ಕೆ 140 ಲೀಟರ್. ಬರಕ್ಕೆ ಮುಂಚೆ ಬಳಕೆ ತಲಾ 300 ಲೀಟರಿನ ಆಸುಪಾಸಿನಲ್ಲಿತ್ತು. ನಾಲ್ಕು ನಿಮಿಷದ ಮರಳು ಗಡಿಯಾರಗಳು ಮನೆ ಮನೆಯ ಸ್ನಾನದ ಕೋಣೆ ಸೇರಿದವು. ದಿನಕ್ಕೆ 800 ಲೀಟರ್ ಮೀರಿ ಬಳಸಿದ ಮನೆಗಳು ಕಾರಣ ಬರೆದು ಕೊಡಬೇಕಾಯಿತು. ಆಶ್ಚರ್ಯವೆಂದರೆ ಕೆಲವೇ ವಾರಗಳಲ್ಲಿ ಜನ 140ಕ್ಕಿಂತ ಕೆಳಗಿಳಿದರು. ಬರ ಮುಗಿದು, 2011ರಲ್ಲಿ ಅದೇ ನದಿ ಉಕ್ಕಿ ನಮ್ಮ ಬಡಾವಣೆಯ ತಗ್ಗಿನ ಬೀದಿಗಳಿಗೆ ನುಗ್ಗಿದ ಮೇಲೂ ಬಳಕೆ ಹಳೆಯ 300ಕ್ಕೆ ಮರಳಲಿಲ್ಲ.

ಆಗ ನಮ್ಮ ಮನೆಗೆ ಅನುಕೂಲಕ್ಕೆ ಬಂದದ್ದು ನಮ್ಮೂರಿನ ಅಭ್ಯಾಸ. ಬಚ್ಚಲು ಮನೆಯ ಹಂಡೆಯಿಂದ ತಂಬಿಗೆಯಲ್ಲಿ ತೋಡಿಕೊಂಡು ಮೀಯುತ್ತಿದ್ದವರು ನಾವು. ಒಂದು ಬಕೆಟ್ ಎಂದರೆ ಹೆಚ್ಚೆಂದರೆ 20 ಲೀಟರ್. ಹಳೆಯ ಷವರ್ ನಿಮಿಷಕ್ಕೆ 15 ಲೀಟರ್ ಸುರಿಯುತ್ತದೆ.

ರೋಗನಿರ್ಣಯ: ಮೀಟರ್ ಓದುವುದು

ಬಿಲ್ಲು ಹೆಚ್ಚು ಬಂತು ಎಂದು ಮಕ್ಕಳನ್ನು ಗದರುವ ಮುನ್ನ ಒಂದು ಸರಳ ಪರೀಕ್ಷೆ ಮಾಡಿ. ರಾತ್ರಿ ಎಲ್ಲರೂ ಮಲಗುವ ಮುನ್ನ ನೀರಿನ ಮೀಟರ್ ನೋಡಿ ಬರೆದಿಡಿ. ಕಪ್ಪು ಅಂಕಿಗಳು ಕಿಲೋಲೀಟರ್, ಕೆಂಪು ಅಂಕಿಗಳು ಲೀಟರ್. ರಾತ್ರಿ ಯಾರೂ ನೀರು ಬಳಸದೆ, ವಾಷಿಂಗ್ ಮಷಿನ್ ಹಾಕದೆ, ಬೆಳಿಗ್ಗೆ ಮತ್ತೆ ನೋಡಿ. ಅಂಕಿ ಬದಲಾಗಿದ್ದರೆ ಎಲ್ಲೋ ಸೋರಿಕೆ ಇದೆ.

ನಮ್ಮ ಮನೆಯಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರೊಳಗೆ 84 ಲೀಟರ್ ಹೋಗಿತ್ತು. ಗಂಟೆಗೆ 12 ಲೀಟರ್, ದಿನಕ್ಕೆ 288, ಮೂರು ತಿಂಗಳಿಗೆ ಸುಮಾರು 26 ಕಿಲೋಲೀಟರ್! ಟಾರ್ಗೆಟ್ 140ರ ಲೆಕ್ಕದಲ್ಲಿ ಇಬ್ಬರು ಇಡೀ ದಿನ ಬಳಸಬಹುದಾದಷ್ಟು ನೀರನ್ನು, ನಮಗೆ ಕಾಣದ ಮೂರನೆಯವನೊಬ್ಬ ಸದ್ದಿಲ್ಲದೆ ಬಳಸುತ್ತಿದ್ದ. ಶೌಚಾಲಯದ ತೊಟ್ಟಿಗೆ ಅಡುಗೆಯ ಬಣ್ಣ ನಾಲ್ಕು ಹನಿ ಹಾಕಿ, ಫ್ಲಷ್ ಮಾಡದೆ ಕಾಲು ಗಂಟೆ ಬಿಟ್ಟು ನೋಡಿದೆ. ಕೆಳಗಿನ ಬೋಗುಣಿಗೆ ಬಣ್ಣ ಇಳಿದಿತ್ತು. ತೊಟ್ಟಿಯೊಳಗಿನ ರಬ್ಬರ್ ವಾಷರ್ ಸವೆದಿತ್ತು. ಅದರ ಬೆಲೆ ಕೆಲವೇ ಡಾಲರ್.

ಹನಿಯುವ ನಲ್ಲಿಯ ಲೆಕ್ಕ ವೈದ್ಯನಿಗೆ ಸುಲಭ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವಾಗ 20 ಹನಿಗೆ ಒಂದು ಮಿಲಿಲೀಟರ್ ಎಂದು ಎಣಿಸುತ್ತೇವೆ. ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ, ಅಂದರೆ 4 ಲೀಟರಿಗೂ ಹೆಚ್ಚು. ನಲ್ಲಿಯ ಹನಿ ಡ್ರಿಪ್ಪಿನ ಹನಿಗಿಂತ ದಪ್ಪ, ಆದ್ದರಿಂದ ನಷ್ಟ ಇನ್ನೂ ಹೆಚ್ಚು. ಹನಿ ಹನಿ ಗೂಡಿದರೆ ಹಳ್ಳ ಎಂಬುದು ಗಾದೆ ಮಾತ್ರವಲ್ಲ, ಗಣಿತವೂ ಹೌದು.

ಹೊಸದಾಗಿ ಬಂದು ಬಾಡಿಗೆ ಮನೆಯಲ್ಲಿರುವ ಕುಟುಂಬಗಳಿಗೆ ಒಂದು ಮಾತು. ಕ್ವೀನ್ಸ್‌ಲ್ಯಾಂಡಿನಲ್ಲಿ ಬಳಸಿದ ನೀರಿನ ಪೂರ್ತಿ ಹಣವನ್ನು ಬಾಡಿಗೆದಾರರಿಂದ ಪಡೆಯಬೇಕಾದರೆ ಮನೆಗೆ ಪ್ರತ್ಯೇಕ ಮೀಟರ್ ಇರಬೇಕು, ಒಪ್ಪಂದದಲ್ಲಿ ಆ ಮಾತು ಬರೆದಿರಬೇಕು, ಮನೆಯು ನೀರುಳಿತಾಯದ ನಿಯಮಕ್ಕೆ ಒಪ್ಪುವಂತಿರಬೇಕು. ಷವರ್ ನಿಮಿಷಕ್ಕೆ 9 ಲೀಟರ್ ಮೀರಬಾರದು, ಶೌಚಾಲಯಕ್ಕೆ ಎರಡು ಗುಂಡಿಯ ಫ್ಲಷ್ ಇರಬೇಕು. ಬಕೆಟ್ಟೊಂದನ್ನು ಷವರ್ ಕೆಳಗಿಟ್ಟು ಒಂದು ನಿಮಿಷ ಅಳೆದು ನೋಡಿ. ಹೆಚ್ಚು ಬಂದರೆ ಏಜೆಂಟರಿಗೆ ಬರೆಯಲು ಸಂಕೋಚ ಬೇಡ.

ಬಿಸಿನೀರು ಎಂದರೆ ಎರಡು ಬಿಲ್ಲು

ನೀರು ಮತ್ತು ವಿದ್ಯುತ್ತು ಬೇರೆ ಬೇರೆ ಎಂದು ನಾವು ತಿಳಿಯುತ್ತೇವೆ. ಬೆಂಗಳೂರಿನವರಿಗೆ ಅದು ಹಾಗಲ್ಲ ಎಂದು ಗೊತ್ತು. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರ ಏರಿ ಬರಬೇಕು. ಒಂದು ಕಿಲೋಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಎತ್ತಲು, ಪಂಪಿನ ನಷ್ಟ ಬಿಟ್ಟರೂ, ಸುಮಾರು 1.4 ಯೂನಿಟ್ ಬೇಕು. 2024ರ ಬೇಸಿಗೆಯಲ್ಲಿ ಅಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಹಾಕಬೇಕಾದ ಸ್ಥಿತಿ ಬಂದದ್ದು ನೆನಪಿರಬಹುದು.

ನಮ್ಮ ಮನೆಗಳಲ್ಲಿ ಆ ನಂಟು ಇರುವುದು ಬಿಸಿನೀರಿನಲ್ಲಿ. ನಿಮಿಷಕ್ಕೆ 15 ಲೀಟರಿನ ಷವರಿನಡಿ ಎಂಟು ನಿಮಿಷ ನಿಂತರೆ 120 ಲೀಟರ್. ಅದನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಸುಮಾರು 2.8 ಯೂನಿಟ್. ನಿಮಿಷಕ್ಕೆ 9 ಲೀಟರಿನ ಷವರಿನಡಿ ನಾಲ್ಕು ನಿಮಿಷವಾದರೆ 36 ಲೀಟರ್, ಸುಮಾರು 0.8 ಯೂನಿಟ್. ನಾಲ್ಕು ಜನರ ಮನೆಯಲ್ಲಿ ಮೂರು ತಿಂಗಳಿಗೆ ವ್ಯತ್ಯಾಸ ಸುಮಾರು 700 ಯೂನಿಟ್ ವಿದ್ಯುತ್ತು, 30 ಕಿಲೋಲೀಟರ್ ನೀರು. ಯೂನಿಟ್ಟಿಗೆ 30 ಸೆಂಟ್ ಹಿಡಿದರೂ ವಿದ್ಯುತ್ತೊಂದರಲ್ಲೇ 200 ಡಾಲರ್ ಮೀರುತ್ತದೆ.

ಬಿಸಿನೀರಿನ ತೊಟ್ಟಿ ಯಾವ ದರದಲ್ಲಿದೆ ಎಂದು ಬಿಲ್ಲಿನಲ್ಲಿ ನೋಡಿ. "ಟ್ಯಾರಿಫ್ 11" ಎಂದರೆ ಮಾಮೂಲಿ ದರ. 31 ಮತ್ತು 33 ಅಗ್ಗದ ದರಗಳು: 33ರಲ್ಲಿ ದಿನಕ್ಕೆ ಕನಿಷ್ಠ 18 ಗಂಟೆ, 31ರಲ್ಲಿ ಕನಿಷ್ಠ 8 ಗಂಟೆ ವಿದ್ಯುತ್ತು ಬರುತ್ತದೆ. ಚಾವಣಿಯಲ್ಲಿ ಸೋಲಾರ್ ಇರುವವರ ಲೆಕ್ಕ ಬೇರೆ. 2008ರಲ್ಲಿ ಶುರುವಾದ ಯೋಜನೆಯಲ್ಲಿ ಗ್ರಿಡ್ಡಿಗೆ ಕೊಟ್ಟ ಯೂನಿಟ್ಟಿಗೆ 44 ಸೆಂಟ್ ಸಿಗುತ್ತಿತ್ತು, 2012ರಿಂದ ಹೊಸಬರಿಗೆ ಅದು ನಿಂತಿತು. ಈಗ ಸಿಗುವುದು ಕೆಲವೇ ಸೆಂಟ್. ಆದ್ದರಿಂದ ಮಾರುವುದಕ್ಕಿಂತ ಬಳಸುವುದು ಲಾಭ. ವಾಷಿಂಗ್ ಮಷಿನ್, ಡಿಶ್‌ವಾಷರ್, ಬಿಸಿನೀರು ಎಲ್ಲವನ್ನೂ ಮಧ್ಯಾಹ್ನದ ಬಿಸಿಲಿಗೆ ಹೊಂದಿಸಿ. ತೊಟ್ಟಿ ಹಳೆಯದಾಗಿ ಬದಲಿಸುವ ಸಂದರ್ಭ ಬಂದರೆ ಹೀಟ್ ಪಂಪ್ ವಿಚಾರಿಸಿ. ಅದಕ್ಕೆ ಹಳೆಯ ಮಾದರಿಯ ಸುಮಾರು ಮೂರನೇ ಒಂದು ಭಾಗ ವಿದ್ಯುತ್ತು ಸಾಕು.

ಇನ್ನು ನಮ್ಮವರ ಗ್ಯಾರೇಜಿನ ಎರಡನೇ ಫ್ರಿಜ್. ದೋಸೆ ಹಿಟ್ಟು, ತುರಿದ ತೆಂಗಿನಕಾಯಿ, ಯುಗಾದಿಗೆ ಉಳಿದ ಪಾನಕ! ಬೇಸಿಗೆಯಲ್ಲಿ ಬಿಸಿ ಗ್ಯಾರೇಜಿನಲ್ಲಿ ಹಳೆಯ ಫ್ರಿಜ್ ಹಗಲೂ ರಾತ್ರಿ ಓಡುತ್ತದೆ. ನೆಂಟರು ಬಂದಾಗ ಮಾತ್ರ ಹಚ್ಚಿದರೆ ಸಾಕು.

ಉಳಿಸಬಾರದ ಕಡೆ

ಇಲ್ಲಿಯವರೆಗೆ ಬರೆದದ್ದು ಯಾರು ಬೇಕಾದರೂ ಬರೆಯಬಹುದಾದದ್ದು. ಮುಂದಿನದನ್ನು ವೈದ್ಯನಾಗಿ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನ ತಾಯಿ ಊರಿನಿಂದ ಬಂದು ನಮ್ಮೊಡನೆ ಇದ್ದರು. ಆಗ ಅವರಿಗೆ 84. ಆ ಸಲದ ವಿದ್ಯುತ್ ಬಿಲ್ಲನ್ನು ನಾನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಮೊತ್ತಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೆ. ಮೊಮ್ಮಕ್ಕಳಿಗೆ ಬುದ್ಧಿ ಬರಲಿ ಎಂದು. ಫೆಬ್ರವರಿಯ ಒಂದು ಮಧ್ಯಾಹ್ನ ಏರ್‌ಕಂಡಿಷನರ್ ಹಾಕಿಟ್ಟು ನಾವು ಹೊರಗೆ ಹೋದೆವು. ಸಂಜೆ ಬಂದಾಗ ಅದು ಆರಿತ್ತು, ಕಿಟಕಿಗಳು ಮುಚ್ಚಿದ್ದವು, ಗೋಡೆಯ ಉಷ್ಣಮಾಪಕ 34 ತೋರಿಸುತ್ತಿತ್ತು. ಅಮ್ಮ ಮಂಚದ ಮೇಲೆ ಕೂತಿದ್ದರು. ನನ್ನನ್ನು ನೋಡಿ ತಮ್ಮ ತಮ್ಮನ ಹೆಸರು ಹಿಡಿದು ಕರೆದರು. ನಾಲಿಗೆ ಒಣಗಿತ್ತು, ನಾಡಿ ಓಡುತ್ತಿತ್ತು, ನಿಲ್ಲಿಸಿದರೆ ರಕ್ತದೊತ್ತಡ ಕುಸಿಯುತ್ತಿತ್ತು. ಆಂಬುಲೆನ್ಸ್ ಕರೆಸಿದೆವು. ಎರಡು ದಿನ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡರು. ಯಾಕಮ್ಮಾ ಆರಿಸಿದೆ ಎಂದು ಕೇಳಿದ್ದಕ್ಕೆ, "ನೀನೇ ಬಿಲ್ಲು ನೋಡಿ ಗೊಣಗ್ತಿದ್ದೆಯಲ್ಲೋ ಮಗಾ. ನಾನೊಬ್ಬಳಿಗೋಸ್ಕರ ಅಷ್ಟು ದೊಡ್ಡ ಮಿಷನ್ ಯಾಕೆ ಓಡಬೇಕು ಅಂತ ಆರಿಸಿದೆ" ಎಂದರು.

ಮೂವತ್ತು ವರ್ಷ ರೋಗಿಗಳಿಗೆ ಬಿಸಿಲಿನ ಬಗ್ಗೆ ಎಚ್ಚರಿಕೆ ಹೇಳಿದವನ ಮನೆಯಲ್ಲಿ ನಡೆದದ್ದು ಇದು.

ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ, ಬೆವರುವುದು ಕಡಿಮೆಯಾಗುತ್ತದೆ. ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು ದೇಹದ ನೀರನ್ನು ಇನ್ನಷ್ಟು ಇಳಿಸುತ್ತವೆ. ಆರ್ದ್ರತೆ ಹೆಚ್ಚಿದ್ದರೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಆಸ್ಟ್ರೇಲಿಯದಲ್ಲಿ ಪ್ರವಾಹ, ಕಾಡ್ಗಿಚ್ಚು, ಚಂಡಮಾರುತಗಳಿಗಿಂತ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿರುವುದು ಬಿಸಿಗಾಳಿಯ ದಿನಗಳು. ಊರಿನ ಸೆಕೆ ಕಂಡವರಿಗೆ ಇದೇನು ಮಹಾ ಎಂಬ ಮಾತು ಬೇಡ. ಊರಿನ ಮನೆಗೆ ಮಣ್ಣಿನ ಗೋಡೆ, ಹೆಂಚು, ಜಗಲಿ ಇತ್ತು. ಅಕ್ಕಪಕ್ಕದವರು ಬಂದು ಮಾತಾಡಿಸುತ್ತಿದ್ದರು.

ಆದ್ದರಿಂದ ಏರ್‌ಕಂಡಿಷನರನ್ನು 25 ಡಿಗ್ರಿಯ ಆಸುಪಾಸಿಗೆ ಇಟ್ಟು ಜೊತೆಗೆ ಫ್ಯಾನ್ ಹಾಕಿ. ಒಂದು ಡಿಗ್ರಿ ಏರಿಸಿದರೂ ಅದರ ವಿದ್ಯುತ್ತಿನಲ್ಲಿ ಶೇ. 5ರಿಂದ 10ರಷ್ಟು ಉಳಿಯುತ್ತದೆ. ಇಡೀ ಮನೆಯ ಬದಲು ಹಿರಿಯರಿರುವ ಒಂದು ಕೋಣೆಯನ್ನು ತಣ್ಣಗಿಡಿ, ಬಿಸಿಲು ಬೀಳುವ ಮುನ್ನ ಪರದೆ ಎಳೆಯಿರಿ. ಆದರೆ ಆರಿಸಬೇಡಿ. ಮಾತು ತೊದಲಿದರೆ, ಗೊಂದಲ ಕಂಡರೆ 000ಗೆ ಕರೆ ಮಾಡಿ, ಒದ್ದೆ ಬಟ್ಟೆಯಿಂದ ಮೈ ತಣಿಸಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಬೇಸಿಗೆಗೆ ಮುಂಚೆಯೇ ನಿಮ್ಮ ಜಿ.ಪಿ.ಯನ್ನು ಕೇಳಿ.

ಎರಡನೆಯದು ಬಿಸಿನೀರಿನ ತೊಟ್ಟಿಯ ಉಷ್ಣತೆ. ಸ್ನೇಹಿತರೊಬ್ಬರು ಉಳಿತಾಯಕ್ಕೆಂದು ಅದನ್ನು 45 ಡಿಗ್ರಿಗೆ ಇಳಿಸಿದ್ದರು. ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಹೆಚ್ಚುವುದು 20ರಿಂದ 45 ಡಿಗ್ರಿಯ ನೀರಿನಲ್ಲೇ. 1976ರಲ್ಲಿ ಫಿಲಡೆಲ್ಫಿಯಾದ ಒಂದು ಸಮಾವೇಶದಲ್ಲಿ ಕಾಣಿಸಿಕೊಂಡ ನ್ಯುಮೋನಿಯಾದಿಂದ ಅದಕ್ಕೆ ಆ ಹೆಸರು ಬಂತು. ಷವರಿನ ಸಣ್ಣ ತುಂತುರಿನ ಮೂಲಕ ಅದು ಶ್ವಾಸಕೋಶ ಸೇರುತ್ತದೆ. ತೊಟ್ಟಿಯಲ್ಲಿ ನೀರು 60 ಡಿಗ್ರಿಗೆ ಕಡಿಮೆ ಇರಬಾರದು. ಆದರೆ 60 ಡಿಗ್ರಿಯ ನೀರು ವಯಸ್ಕರ ಚರ್ಮವನ್ನೂ ಸುಮಾರು ಐದು ಸೆಕೆಂಡಿನಲ್ಲಿ ಸುಡುತ್ತದೆ, ಮಕ್ಕಳಿಗೆ ಇನ್ನೂ ಬೇಗ. ಅದಕ್ಕೇ ಸ್ನಾನದ ಕೋಣೆಯ ನಲ್ಲಿಗೆ 50 ಡಿಗ್ರಿ ಮೀರದಂತೆ ತಣ್ಣೀರು ಬೆರೆಸುವ ಕವಾಟ ಇರುತ್ತದೆ. ಹಳೆಯ ಮನೆಯಾದರೆ ಅದಿದೆಯೇ ಎಂದು ಪ್ಲಂಬರನ್ನು ಕೇಳಿ.

ಮೂರನೆಯದು ಮಳೆನೀರು. ಹಿಡಿದಿಡುವುದು ಒಳ್ಳೆಯದೇ. ಆದರೆ ತೊಟ್ಟಿಯ ಬಾಯಿಗಳಿಗೆಲ್ಲ 1 ಮಿಲಿಮೀಟರ್ ಮೀರದ ಕಣ್ಣಿನ ಜಾಲರಿ ಇರಲಿ. ಡೆಂಗ್ಯೂ ಹರಡುವ ಸೊಳ್ಳೆಗೆ ತೆರೆದ ಡ್ರಮ್ಮು, ಹೂಕುಂಡದ ತಟ್ಟೆ ಸಾಕು. ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ.

ನಾಲ್ಕನೆಯದು ಫ್ರಿಜ್. ಉಳಿತಾಯಕ್ಕೆಂದು ಅದರ ಒಳಗನ್ನು 5 ಡಿಗ್ರಿಗಿಂತ ಬಿಸಿ ಮಾಡಬೇಡಿ. ನಿನ್ನೆಯ ಸಾಂಬಾರು ಹುಳಿಯಾಗುವುದಷ್ಟೇ ಅಲ್ಲ, ಹೊಟ್ಟೆಯೂ ಕೆಡುತ್ತದೆ.

ಕೇಳಿ ಪಡೆಯಿರಿ

ಹಕ್ಕಿನಿಂದ ಬರುವ ರಿಯಾಯಿತಿ ಕೇಳಲು ನಮ್ಮ ಹಿರಿಯರು ನಾಚುತ್ತಾರೆ. ಕ್ವೀನ್ಸ್‌ಲ್ಯಾಂಡಿನಲ್ಲಿ ಪಿಂಚಣಿ ಕಾರ್ಡು ಅಥವಾ ಸೀನಿಯರ್ಸ್ ಕಾರ್ಡು ಇರುವವರಿಗೆ ವಿದ್ಯುತ್ ರಿಯಾಯಿತಿ ಉಂಟು. ವಿದ್ಯುತ್ ಕಂಪನಿಗೆ ತಿಳಿಸಿದರೆ ಮಾತ್ರ ಬರುತ್ತದೆ. ಬಿಸಿಲು, ಚಳಿ ತಡೆಯಲಾರದ ಕೆಲವು ಕಾಯಿಲೆಗಳಿರುವ ಕಾರ್ಡುದಾರರಿಗೆ, ಮನೆಯಲ್ಲೇ ಆಮ್ಲಜನಕ ಯಂತ್ರ ಬಳಸುವವರಿಗೆ ಪ್ರತ್ಯೇಕ ರಿಯಾಯಿತಿಗಳಿವೆ. ಅವುಗಳಿಗೆ ವೈದ್ಯರ ಸಹಿ ಬೇಕು. ದರಗಳನ್ನು ಹೋಲಿಸಲು ಸರ್ಕಾರದ್ದೇ ಆದ "ಎನರ್ಜಿ ಮೇಡ್ ಈಸಿ" ಜಾಲತಾಣವಿದೆ. ವರ್ಷಕ್ಕೊಮ್ಮೆ ನೋಡಿ.

ರಾಜ್ಯೋತ್ಸವ ಮುಗಿಯುವ ಹೊತ್ತಿಗೆ ಇಲ್ಲಿ ಬೇಸಿಗೆ ಕಾಲಿಡುತ್ತದೆ. ಊರಿನಿಂದ ತಂದೆತಾಯಿ ಬರುವ ಕಾಲವೂ ಅದೇ. ಅವರು ಬರುವ ಮುನ್ನ ಸೋರುವ ವಾಷರ್ ಬದಲಿಸಿ, ಷವರ್ ಅಳೆಯಿರಿ, ಗ್ಯಾರೇಜಿನ ಫ್ರಿಜ್ ಆರಿಸಿ. ಬಿಲ್ಲನ್ನು ಡ್ರಾಯರಿನಲ್ಲಿಡಿ. ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಈಗ ಇರುವುದು ನನ್ನ ಹೆಂಡತಿ ದಪ್ಪ ಕನ್ನಡ ಅಕ್ಷರದಲ್ಲಿ ಬರೆದ ಚೀಟಿ: "ಸೆಕೆಯಾದರೆ ಏಸಿ ಹಾಕಿ. ಯಾರನ್ನೂ ಕೇಳಬೇಡಿ."