ಹಿರಿಯರ ಕಲಾಮನೆ: ಕಷ್ಟಕಾಲದಲ್ಲಿ ಬಾಗಿಲು ಮುಚ್ಚದಿರಲು



ಸಂಜೆ ಏಳರ ಮೇಲೆ ಹಾರ್ಮೋನಿಯಂ ಕೇಳಿಸುವ ಜಾಗವೊಂದು ನಿಮ್ಮ ಊರಿನಲ್ಲಿಯೂ ಇರಬಹುದು. ಅದು ಭಜನೆ ಮನೆಯ ಜಗುಲಿಯೋ, ಶಾಲೆಯ ಹಿಂದಿನ ಕೊಠಡಿಯೋ, ಯಾರದೋ ಹಳೆಯ ಮಗ್ಗದ ಮನೆಯೋ ಆಗಿರಬಹುದು. ಅಲ್ಲಿ ಸೇರುವವರು ಹೆಚ್ಚಾಗಿ ನಿಮ್ಮ ತಾತ, ಅಜ್ಜಿಯ ವಯಸ್ಸಿನವರು. ಒಬ್ಬರು ಕಂದಪದ್ಯ ಹಾಡುತ್ತಾರೆ, ಇನ್ನೊಬ್ಬರು ಮರೆತ ಸಾಲನ್ನು ನೆನಪಿಸುತ್ತಾರೆ. ಮೂಲೆಯಲ್ಲಿ ಕುಳಿತ ಅಜ್ಜಿಯೊಬ್ಬರು ಸೋಬಾನೆಯ ಮಟ್ಟನ್ನು ತಿದ್ದುತ್ತಾರೆ. ಬಾಗಿಲ ಮೇಲೆ ಬೋರ್ಡು ಇಲ್ಲ, ಹಾಜರಿ ಪುಸ್ತಕ ಇಲ್ಲ, ಪರೀಕ್ಷೆಯಂತೂ ಇಲ್ಲವೇ ಇಲ್ಲ. ಆದರೂ ಅದೊಂದು ಶಾಲೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಗೆ ನಾಟಕದ ತಾಲೀಮನ್ನು ಚಿತ್ರೀಕರಿಸಲು ನಾವು ಹೋಗಿದ್ದಾಗ, ಎಪ್ಪತ್ತು ದಾಟಿದ ನೇಕಾರರೊಬ್ಬರನ್ನು ಕೇಳಿದೆ: "ಈ ವಯಸ್ಸಿನಲ್ಲಿ ಇಷ್ಟು ಮಾತು ಬಾಯಿಪಾಠ ಮಾಡೋದು ಕಷ್ಟ ಅಲ್ವಾ, ಯಜಮಾನ್ರೇ?" ಅವರು ನಕ್ಕು ಹೇಳಿದರು: "ಮನೇಲಿ ಕೂತ್ರೆ ಮೊಮ್ಮಕ್ಕಳು ಫೋನ್ ನೋಡ್ತವೆ, ನಾನು ಗೋಡೆ ನೋಡ್ತೀನಿ ಸಾರ್. ಇಲ್ಲಿಗೆ ಬಂದ್ರೆ ನಾನು ಭೀಮ."

ಗೋಡೆ ನೋಡುವುದಕ್ಕೂ ಭೀಮನಾಗುವುದಕ್ಕೂ ನಡುವೆ ಇರುವುದು ಒಂದು ಕೊಠಡಿ, ಒಬ್ಬ ಮೇಷ್ಟ್ರು, ಒಂದು ಹಾರ್ಮೋನಿಯಂ. ದುಡ್ಡಿಲ್ಲದ ಕಾಲ ಬಂದಾಗ ಈ ಮೂರರಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು? ನಮ್ಮ ಚರ್ಚಾ ಕಾರ್ಯಕ್ರಮವನ್ನು ನೋಡುವ ಮೊದಲು ಈ ಪ್ರಶ್ನೆಯನ್ನು ಸ್ವಲ್ಪ ವಿಚಾರ ಮಾಡೋಣ.

ಇದು ಯಾಕೆ ಮುಖ್ಯ?

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 60 ವರ್ಷ ದಾಟಿದವರು ಸುಮಾರು 10.4 ಕೋಟಿ. ಕರ್ನಾಟಕದಲ್ಲಿ ನೂರಕ್ಕೆ ಸುಮಾರು ಒಂಬತ್ತೂವರೆ ಮಂದಿ ಆ ವಯಸ್ಸಿನವರು. ಅಲ್ಲಿಂದೀಚೆಗೆ ಈ ಪ್ರಮಾಣ ಏರುತ್ತಲೇ ಬಂದಿದೆ. ಇವರಿಗೆ ಊಟ, ಔಷಧ, ಪಿಂಚಣಿ ಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಕಲಿಕೆಯೂ ಬೇಕೇ ಎಂದರೆ ಹಲವರು ಹುಬ್ಬೇರಿಸುತ್ತಾರೆ.

ವಿಜ್ಞಾನ ಇದಕ್ಕೆ ಏನು ಹೇಳುತ್ತದೆ? ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' ನೇಮಿಸಿದ ತಜ್ಞರ ಸಮಿತಿ 2024ರಲ್ಲಿ ಮರೆವಿನ ಕಾಯಿಲೆಯ ಬಗ್ಗೆ ವರದಿ ನೀಡಿತು. ನಾವು ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಅದು ಪಟ್ಟಿ ಮಾಡಿತು. ಕಡಿಮೆ ಶಿಕ್ಷಣ, ಕಿವುಡುತನ, ದೈಹಿಕ ಚಟುವಟಿಕೆಯ ಕೊರತೆ ಮತ್ತು ಒಂಟಿತನದ ಬದುಕು ಆ ಪಟ್ಟಿಯಲ್ಲಿವೆ. ಹಾಗೆಂದು ನಾಟಕ ಆಡಿದವರಿಗೆ ಮರೆವು ಬರುವುದೇ ಇಲ್ಲ ಎಂದು ಅರ್ಥವಲ್ಲ. ಆದರೆ ವಾರಕ್ಕೆ ಮೂರು ದಿನ ನಾಲ್ಕು ಜನರೊಡನೆ ಸೇರಿ ಹಾಡಿ, ಕುಣಿದು, ನೆನಪಿಟ್ಟುಕೊಳ್ಳುವ ಅಭ್ಯಾಸ ಬರೀ ಕಾಲಹರಣವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಕಾರಣವೂ ಇದೆ. ಹಿರಿಯರ ಬಳಿ ಇರುವ ಮಟ್ಟುಗಳು, ಮೂಡಲಪಾಯದ ಹೆಜ್ಜೆಗಳು, ಸೋಬಾನೆ ಪದಗಳು ಬಹುಪಾಲು ಪುಸ್ತಕದಲ್ಲಿಲ್ಲ. ಅವರು ಸೇರುವ ಜಾಗ ಮುಚ್ಚಿದರೆ, ಅವರೊಂದಿಗೆ ಅವೂ ಹೋಗುತ್ತವೆ.

ನಾಟಕದ ತಂಡ ಹೇಳುವ ಅರ್ಥಶಾಸ್ತ್ರ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆಯ ಪೌರಾಣಿಕ ನಾಟಕಗಳನ್ನು ನೀವು ನೋಡಿರುತ್ತೀರಿ. ಅಲ್ಲಿ ಪಾತ್ರಧಾರಿಗೆ ಸಂಭಾವನೆ ಇಲ್ಲ. ಪಾತ್ರಧಾರಿಯೇ ಹಣ ಕೊಟ್ಟು ಪಾತ್ರ ಪಡೆಯುತ್ತಾನೆ! ದುರ್ಯೋಧನ, ಕೃಷ್ಣ, ಭೀಮ ಮುಂತಾದ ದೊಡ್ಡ ಪಾತ್ರಕ್ಕೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಆ ಹಣದಿಂದ ಮೇಷ್ಟ್ರ ಸಂಭಾವನೆ, ಸೀನರಿ, ದೀಪ, ಧ್ವನಿವರ್ಧಕದ ಬಾಡಿಗೆ ಎಲ್ಲವೂ ನಡೆಯುತ್ತದೆ. ಪರದೆಯನ್ನಾಗಲಿ, ಕಿರೀಟವನ್ನಾಗಲಿ ತಂಡ ಕೊಳ್ಳುವುದಿಲ್ಲ; ಒಂದು ರಾತ್ರಿಗೆ ತಂದು ಬೆಳಗ್ಗೆ ಹಿಂದಿರುಗಿಸುತ್ತದೆ.

ಇದನ್ನು ವೃತ್ತಿ ನಾಟಕ ಕಂಪನಿಗಳೊಡನೆ ಹೋಲಿಸಿ. ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ'ಕ್ಕೆ ರಂಗದ ಮೇಲೆ ಆನೆ, ಕುದುರೆಗಳನ್ನೇ ತಂದಿತ್ತು. ಅಂಥ ವೈಭವಕ್ಕೆ ಪ್ರತಿ ದಿನವೂ ಖರ್ಚು ಇದ್ದೇ ಇರುತ್ತದೆ. ನಾಟಕ ಇರಲಿ ಬಿಡಲಿ, ಆನೆಗೆ ಮೇವು ಹಾಕಲೇಬೇಕು. ಸಿನಿಮಾ ಬಂದಾಗ, ಆಮೇಲೆ ನಮ್ಮ ಟಿ.ವಿ. ಮನೆ ಮನೆಗೆ ಬಂದಾಗ, ಹಲವು ಕಂಪನಿಗಳು ಒಂದೊಂದಾಗಿ ಡೇರೆ ಮಡಚಿದವು. ಈ ಮಾತನ್ನು ಟಿ.ವಿ.ಯವನಾದ ನಾನು ಸ್ವಲ್ಪ ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಆದರೆ ಹಳ್ಳಿಯ ಹವ್ಯಾಸಿ ತಂಡಗಳು ಉಳಿದವು. ಅವುಗಳಿಗೆ ಸಾಕಬೇಕಾದ ಆನೆ ಇರಲಿಲ್ಲ.

ಕೆಲಸ ನಡೆದರೂ ನಡೆಯದಿದ್ದರೂ ತಪ್ಪದೆ ಬರುವ ಖರ್ಚನ್ನು ಅರ್ಥಶಾಸ್ತ್ರದಲ್ಲಿ ಸ್ಥಿರ ವೆಚ್ಚ ಎನ್ನುತ್ತಾರೆ. ಕೆಲಸಕ್ಕೆ ತಕ್ಕಂತೆ ಏರಿಳಿಯುವುದು ಬದಲಾಗುವ ವೆಚ್ಚ. ಕಷ್ಟಕಾಲದಲ್ಲಿ ಸಂಸ್ಥೆಯ ಕತ್ತು ಹಿಸುಕುವುದು ಹೆಚ್ಚಾಗಿ ಸ್ಥಿರ ವೆಚ್ಚವೇ.

ಒಂದು ಲೆಕ್ಕ ಮಾಡೋಣ

ಇದು ಕಲ್ಪಿತ ಲೆಕ್ಕ. ಕಾಗದ, ಪೆನ್ಸಿಲ್ ತೆಗೆದುಕೊಂಡು ನೀವೂ ಮಾಡಿ.

ಒಂದು ಹಿರಿಯರ ಕಲಾಕೇಂದ್ರದ ತಿಂಗಳ ಖರ್ಚು ಹೀಗಿದೆ ಎನ್ನಿ: ಬಾಡಿಗೆ 6,000 ರೂಪಾಯಿ, ವಿದ್ಯುತ್ 1,000, ಕಾವಲುಗಾರರಿಗೆ 5,000, ಸಂಗೀತದ ಮೇಷ್ಟ್ರಿಗೆ 6,000. ಒಟ್ಟು 18,000. ನಲವತ್ತು ಸದಸ್ಯರು ತಲಾ 100 ರೂಪಾಯಿ ಕೊಟ್ಟರೆ 4,000. ಉಳಿದ 14,000 ಒಬ್ಬ ದಾನಿಯಿಂದ ಬರುತ್ತದೆ. ಬ್ಯಾಂಕಿನಲ್ಲಿ ಆಪದ್ಧನ 54,000 ಇದೆ.

ಈಗ ಕಷ್ಟಕಾಲ ಬಂತು. ದಾನಿ ಕೈಬಿಟ್ಟರು, ಸದಸ್ಯರು ಮೂವತ್ತಕ್ಕೆ ಇಳಿದರು. ಆದಾಯ 3,000, ಖರ್ಚು 18,000, ತಿಂಗಳ ಕೊರತೆ 15,000. ಆಪದ್ಧನ ನಾಲ್ಕನೇ ತಿಂಗಳು ಮುಗಿಯುವ ಮೊದಲೇ ಖಾಲಿ.

ಇನ್ನೊಂದು ದಾರಿ ನೋಡಿ. ಬಾಡಿಗೆ ಕಟ್ಟಡ ಬಿಟ್ಟು ಭಜನೆ ಮನೆಗೋ ಶಾಲೆಯ ಕೊಠಡಿಗೋ ಹೋದರು. ಬೀಗದ ಕೈಯನ್ನು ಸದಸ್ಯರೇ ಸರದಿಯಂತೆ ಇಟ್ಟುಕೊಂಡರು. ವಿದ್ಯುತ್ತಿಗೆ 500. ಮೇಷ್ಟ್ರು ವಾರಕ್ಕೆ ಮೂರು ದಿನದ ಬದಲು ಎರಡೇ ದಿನ ಬಂದರು, ಅವರಿಗೆ 4,000. ಒಟ್ಟು ಖರ್ಚು 4,500, ಕೊರತೆ 1,500. ಅದೇ 54,000 ರೂಪಾಯಿ ಈಗ 36 ತಿಂಗಳು ಬರುತ್ತದೆ. ನಾಲ್ಕು ತಿಂಗಳಿಗೂ ಮೂರು ವರ್ಷಕ್ಕೂ ಎಷ್ಟು ಅಂತರ!

ಇಲ್ಲಿ ಒಂದನ್ನು ಗಮನಿಸಿ. ಬಾಡಿಗೆಯನ್ನು ಪೂರ್ತಿ ತೆಗೆದೆವು, ಮೇಷ್ಟ್ರನ್ನು ತೆಗೆಯಲಿಲ್ಲ. ಮೇಷ್ಟ್ರನ್ನೂ ಬಿಟ್ಟಿದ್ದರೆ ಲೆಕ್ಕ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಆದರೆ ಅವರು ಬೇರೆ ಕೆಲಸ ಹಿಡಿದು ಬೆಂಗಳೂರಿಗೆ ಹೋದರೆ ಒಳ್ಳೆಯ ಕಾಲ ಬಂದ ಮೇಲೂ ಹಿಂದಿರುಗುವುದು ಅನುಮಾನ. ಸೂರನ್ನು ಎರವಲು ತರಬಹುದು, ಮೇಷ್ಟ್ರನ್ನು ಎರವಲು ತರಲಾಗದು. ಹಾಗೆಯೇ ಹಿರಿಯರ ಅಭ್ಯಾಸ. ಇಪ್ಪತ್ತರ ಹುಡುಗ ಎರಡು ವರ್ಷ ಬಿಟ್ಟರೂ ಮತ್ತೆ ಹಿಡಿಯುತ್ತಾನೆ. ಎಪ್ಪತ್ತೈದರವರಿಗೆ ಆ ಎರಡು ವರ್ಷ ಸಣ್ಣದಲ್ಲ.

2020 ಕಲಿಸಿದ ಪಾಠ

2020ರ ಮಾರ್ಚ್ 25ರಂದು ದೇಶದಲ್ಲಿ ಲಾಕ್‌ಡೌನ್ ಜಾರಿಗೆ ಬಂತು. ಮುಂದೆ ಅಂಗಡಿ, ಬಸ್ಸು ಒಂದೊಂದಾಗಿ ತೆರೆದಾಗಲೂ 65 ದಾಟಿದವರು ಮನೆಯಲ್ಲೇ ಇರಬೇಕೆಂಬ ಸಲಹೆ ಉಳಿದಿತ್ತು. ಆದ್ದರಿಂದ ಹಿರಿಯರು ಸೇರುವ ಜಾಗಗಳು ತಡವಾಗಿ ತೆರೆದವು.

ಆ ಕಾಲ ಇನ್ನೊಂದು ದೌರ್ಬಲ್ಯವನ್ನೂ ತೋರಿಸಿತು. ದೊಡ್ಡಬಳ್ಳಾಪುರ ಸೀರೆಯ ಊರು. ವಿದ್ಯುತ್ ಮಗ್ಗಗಳು ನಿಂತಾಗ ಮಗ್ಗದ ಮಾಲೀಕರು, ನೇಕಾರರು, ಬಣ್ಣ ಹಾಕುವವರು, ನೂಲಿನ ವ್ಯಾಪಾರಿಗಳು ಎಲ್ಲರ ಕೈಯೂ ಒಟ್ಟಿಗೇ ಬರಿದಾಯಿತು. ಹತ್ತು ದಾನಿಗಳಿದ್ದರೂ ಹತ್ತೂ ಜನ ಒಂದೇ ಕಸುಬಿನವರಾದರೆ, ಅವರು ಲೆಕ್ಕಕ್ಕೆ ಒಬ್ಬ ದಾನಿಯಂತೆಯೇ. ರೈತರು, ಶಿಕ್ಷಕರು, ನಿವೃತ್ತ ನೌಕರರು, ಅಂಗಡಿಯವರು, ಊರು ಬಿಟ್ಟು ಹೋದ ಮಕ್ಕಳು ಹೀಗೆ ಬೇರೆ ಬೇರೆ ಕಡೆಯಿಂದ ಸ್ವಲ್ಪ ಸ್ವಲ್ಪ ಬಂದರೆ ಮಾತ್ರ ಒಂದು ಕಡೆ ಒಣಗಿದರೂ ಇನ್ನೊಂದು ಕಡೆ ಹರಿಯುತ್ತದೆ. ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆಗೆ, ಹನಿಗಳು ಬೇರೆ ಬೇರೆ ಮೋಡದಿಂದ ಬರಲಿ ಎಂದು ನಾವು ಸೇರಿಸಿಕೊಳ್ಳಬೇಕು.

ದೇವನಹಳ್ಳಿಯ ಹೆಸರು ಹೊತ್ತವರು

ಇದಕ್ಕೆ ನಮ್ಮ ನಾಡಿನಲ್ಲೇ ಉತ್ತಮ ಉದಾಹರಣೆ ಇದೆ. ಡಿ.ವಿ.ಜಿ. ಎಂದರೆ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಅವರು ಹುಟ್ಟಿದ್ದು ಮುಳಬಾಗಿಲಿನಲ್ಲಿ, 1887ರಲ್ಲಿ. ಆದರೆ ಹೆಸರಿನ ಮೊದಲಲ್ಲಿ ದೇವನಹಳ್ಳಿ ಇದೆ. 1945ರ ಫೆಬ್ರವರಿಯಲ್ಲಿ ಅವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದಾಗ ಅವರಿಗೆ 57 ವರ್ಷ. ಸರ್ಕಾರಿ ನೌಕರರು 55ಕ್ಕೆ ನಿವೃತ್ತರಾಗುತ್ತಿದ್ದ ಕಾಲ ಅದು! ಗ್ರಂಥಾಲಯ, ಉಪನ್ಯಾಸ, ವಯಸ್ಕರಿಗೆ ಅಧ್ಯಯನ ಗೋಷ್ಠಿ ಅಲ್ಲಿನ ಕೆಲಸ. 1970ರಲ್ಲಿ ನಾಡಿನ ಜನ ರವೀಂದ್ರ ಕಲಾಕ್ಷೇತ್ರದಲ್ಲಿ ಅವರನ್ನು ಸನ್ಮಾನಿಸಿ ಲಕ್ಷ ರೂಪಾಯಿಯ ಹತ್ತಿರದ ನಿಧಿಯನ್ನು ಅರ್ಪಿಸಿದರು. 83 ವರ್ಷದ ಡಿ.ವಿ.ಜಿ. ಅದನ್ನು ಪೂರ್ತಿಯಾಗಿ ಸಂಸ್ಥೆಗೇ ಕೊಟ್ಟರು.

ಅದೇ 1945ರಲ್ಲಿ, 63 ವರ್ಷದ ಬಿ.ಪಿ. ವಾಡಿಯಾ ಬಸವನಗುಡಿಯಲ್ಲಿ ಇಂದು ವಿಶ್ವ ಸಂಸ್ಕೃತಿ ಸಂಸ್ಥೆ ಎನಿಸಿರುವುದನ್ನು ಆರಂಭಿಸಿದರು. ಈ ಎರಡೂ ಸಂಸ್ಥೆಗಳು ಸ್ಥಾಪಕರ ಕಾಲಾನಂತರವೂ ನಡೆದುಬಂದಿವೆ. ಇಂದಿಗೂ ಇಲ್ಲಿನ ಸಂಜೆಯ ಉಪನ್ಯಾಸಗಳಲ್ಲಿ ನೀವು ಬಹಳಷ್ಟು ಬಿಳಿತಲೆಗಳನ್ನು ಕಾಣಬಹುದು. ಕೊಟ್ಟ ಹಣ ಎಲ್ಲಿ ಹೋಯಿತು ಎಂದು ಕೊಟ್ಟವರಿಗೆ ತಿಳಿಯಬೇಕು. ಆ ನಂಬಿಕೆಯೇ ಇಂಥ ಸಂಸ್ಥೆಯ ಮೊದಲ ಬಂಡವಾಳ.

ದೂರದ ದೇಶದ ಮಾತೊಂದನ್ನು ಹೇಳುತ್ತೇನೆ. 1973ರಲ್ಲಿ ಫ್ರಾನ್ಸಿನ ಟುಲೂಸ್ ನಗರದ ವಿಶ್ವವಿದ್ಯಾನಿಲಯದಲ್ಲಿ ನಿವೃತ್ತರಿಗೆಂದೇ ತರಗತಿಗಳು ಆರಂಭವಾದವು. ಅದನ್ನು 'ಮೂರನೆಯ ವಯಸ್ಸಿನ ವಿಶ್ವವಿದ್ಯಾನಿಲಯ' ಎಂದು ಕರೆದರು. 1980ರ ದಶಕದ ಆರಂಭದಲ್ಲಿ ಈ ವಿಚಾರ ಬ್ರಿಟನ್ನಿಗೆ ಬಂದಾಗ ಅಲ್ಲಿನವರು ಅದನ್ನು ಬದಲಾಯಿಸಿದರು. ಕ್ಯಾಂಪಸ್ ಬೇಡ, ಸಂಬಳದ ಅಧ್ಯಾಪಕರು ಬೇಡ, ಸದಸ್ಯರೇ ಸದಸ್ಯರಿಗೆ ಕಲಿಸಲಿ ಎಂದರು. ಅದು ದೇಶದ ತುಂಬ ಹರಡಿತು. ನಮ್ಮ ಭಜನೆ ಮನೆಗಳಿಗೆ ಇದು ಹೊಸ ವಿಷಯವೇನಲ್ಲ, ಅಲ್ಲವೇ?

ನೆರವು ಎಲ್ಲಿಂದ?

ಕರ್ನಾಟಕದಲ್ಲಿ ಏಳು ಮಂದಿ ಸೇರಿದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ಸಂಘವನ್ನು ನೋಂದಾಯಿಸಬಹುದು. ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸಬೇಕು. ಇದು ತಲೆನೋವೆಂದು ಕೆಲವರು ಹಿಂದೆಗೆಯುತ್ತಾರೆ. ಆದರೆ ನೋಂದಣಿ ಇಲ್ಲದ, ಲೆಕ್ಕವಿಲ್ಲದ ತಂಡಕ್ಕೆ ಹೊರಗಿನವರು ದುಡ್ಡು ಕೊಡುವುದು ಕಷ್ಟ.

2013ರ ಕಂಪನಿ ಕಾಯ್ದೆಯಂತೆ ವರ್ಷಕ್ಕೆ 5 ಕೋಟಿ ರೂಪಾಯಿಗೆ ಕಡಿಮೆಯಿಲ್ಲದ ನಿವ್ವಳ ಲಾಭ ಗಳಿಸುವಂಥ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಗಳಿಗೆ ವ್ಯಯಿಸಬೇಕು. ಹಿರಿಯರ ಹಗಲು ಕೇಂದ್ರಗಳು, ಸಾರ್ವಜನಿಕ ಗ್ರಂಥಾಲಯಗಳು, ಸಾಂಪ್ರದಾಯಿಕ ಕಲೆಗಳು ಆ ಪಟ್ಟಿಯಲ್ಲಿವೆ. ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರದ ಸುತ್ತ ಕಾರ್ಖಾನೆಗಳಿಗೇನು ಕೊರತೆ? ಕೇಳಲು ಹಿಂಜರಿಯಬಾರದು. ಆದರೆ ಇಂಥ ಹಣ ಸಾಮಾನ್ಯವಾಗಿ ಒಂದು ಅವಧಿಗೆ ಬರುವಂಥದು. ಅದರಿಂದ ಹಾರ್ಮೋನಿಯಂ ಕೊಳ್ಳಿ, ಕುರ್ಚಿ ಕೊಳ್ಳಿ; ಪ್ರತಿ ತಿಂಗಳ ಬಾಡಿಗೆಯನ್ನು ಅದಕ್ಕೆ ಗಂಟು ಹಾಕಬೇಡಿ.

ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನೂ ಮರೆಯಬೇಡಿ. ಮನೆ, ನಿವೇಶನದ ತೆರಿಗೆಯ ಜೊತೆ ಪ್ರತಿ ನೂರು ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಕರ ಸೇರಿರುತ್ತದೆ. ಅಂದರೆ 'ಅರಿವು ಕೇಂದ್ರ' ಎಂದು ಈಗ ಕರೆಯುವ ಆ ಕೊಠಡಿಯಲ್ಲಿ ನಿಮ್ಮ ಅಜ್ಜನ ಪಾಲೂ ಇದೆ. ಅಲ್ಲಿ ವಾರಕ್ಕೊಂದು ಸಂಜೆ ಹಿರಿಯರಿಗೆ ಸಿಗಬಹುದೇ ಎಂದು ಪಂಚಾಯಿತಿಯನ್ನು ಕೇಳಬಹುದು.

ನೀವೇನು ಮಾಡಬಹುದು?

ನಿಮ್ಮ ಬಳಿ ದುಡ್ಡಿಲ್ಲ, ಗೊತ್ತು. ಆದರೆ ದುಡ್ಡಿಗಿಂತ ಮೊದಲು ಬೇಕಾದ ಕೆಲವು ನಿಮ್ಮಲ್ಲಿವೆ. ಒಂದು ಭಾನುವಾರ ನೋಟ್‌ಪುಸ್ತಕ ಹಿಡಿದು ನಿಮ್ಮ ಊರಿನ ಭಜನೆ ಮನೆಗೋ ತಾಲೀಮಿನ ಜಾಗಕ್ಕೋ ಹೋಗಿ. ಮೂರು ಪ್ರಶ್ನೆ ಕೇಳಿ: ತಿಂಗಳಿಗೆ ತಪ್ಪದ ಖರ್ಚು ಎಷ್ಟು? ಹಣ ಎಷ್ಟು ಜನರಿಂದ, ಎಷ್ಟು ಬಗೆಯ ಜನರಿಂದ ಬರುತ್ತದೆ? ಮೇಷ್ಟ್ರು ನಾಳೆ ಬರದಿದ್ದರೆ ಯಾರು ಕಲಿಸುತ್ತಾರೆ? ಉತ್ತರವನ್ನು ಎರಡು ಅಂಕಣದಲ್ಲಿ, ಆದಾಯ ಒಂದು ಕಡೆ, ಖರ್ಚು ಒಂದು ಕಡೆ ಬರೆದುಕೊಡಿ. ಹಲವು ತಂಡಗಳಿಗೆ ಅದೇ ಮೊದಲ ಲೆಕ್ಕಪತ್ರ ಆಗಬಹುದು. ಮಾತಿನ ಪುಸ್ತಕವನ್ನು ದಪ್ಪ ಅಕ್ಷರದಲ್ಲಿ ಬರೆದುಕೊಡಿ. ಅಜ್ಜಿ ಹಾಡುವ ಪದವನ್ನು, ಅವರ ಒಪ್ಪಿಗೆ ಪಡೆದು, ಫೋನಿನಲ್ಲಿ ಮುದ್ರಿಸಿಡಿ.

ಮೂರನೆಯ ಪ್ರಶ್ನೆಯನ್ನು ನಾನು ದೊಡ್ಡಬಳ್ಳಾಪುರದ ಆ ಭೀಮನಿಗೂ ಕೇಳಿದ್ದೆ. ಅವರು ತಕ್ಷಣ ಉತ್ತರಿಸಲಿಲ್ಲ. ಬಾಗಿಲಲ್ಲಿ ನಿಂತು ನಮ್ಮ ಕ್ಯಾಮೆರಾ ನೋಡುತ್ತಿದ್ದ ಹುಡುಗರ ಕಡೆ ಒಮ್ಮೆ ತಿರುಗಿದರು. "ಒಳಗೆ ಬನ್ರಪ್ಪಾ, ಯಾಕೆ ಹೊರಗೇ ನಿಂತಿದ್ದೀರಿ?" ಎಂದರು.

ಆ ಕರೆ ನಿಮಗೂ ಸೇರಿದ್ದು.