ದಿನದ ಊಟದಲ್ಲಿ ಸಣ್ಣ ಪದ್ಧತಿಗಳು

‘ಹನಿಗೂಡಿ ಹಳ್ಳ, ತೆನೆಗೂಡಿ ಬಳ್ಳ’ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕಲಿತಿರುವೆವು. ಹಣವನ್ನು ಕೂಡಿಡುವಾಗ ಅದನ್ನು ನೆನೆಯುವೆವಲ್ಲದೆ ಊಟದ ವಿಷಯದಲ್ಲಿ ನೆನೆಯುವವರು ವಿರಳ. ಕಾಯಿಲೆ ಬಿದ್ದಾಗ ಕಠಿಣವಾದ ಪಥ್ಯವನ್ನು ಹಿಡಿಯುವುದು, ಗುಣವಾದೊಡನೆ ಬಿಟ್ಟುಬಿಡುವುದು ನಮ್ಮ ವಾಡಿಕೆ. ಆದರೆ ದೇಹವನ್ನು ಬಹುಕಾಲ ಕಾಪಾಡುವುದು ಎಂಟು ದಿನದ ಪಥ್ಯವಲ್ಲ. ಪ್ರತಿದಿನವೂ ತಪ್ಪದೆ ನಡೆಯುವ ಸಣ್ಣ ಪದ್ಧತಿಯೇ.

ಹೆಣ್ಣುಮಕ್ಕಳಿಗೆ ಇದರ ಅಗತ್ಯವೆಷ್ಟೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವರ್ಷದೊಳಗಿನ ಸ್ತ್ರೀಯರ ಪೈಕಿ ಭಾರತದಲ್ಲಿ ನೂರಕ್ಕೆ 57 ಮಂದಿಗೂ, ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಮಂದಿಗೂ ರಕ್ತಹೀನತೆಯಿರುವುದು ಕಂಡುಬಂದಿತು. ಮೆಟ್ಟಿಲು ಹತ್ತುವಾಗ ಏದುಸಿರು, ಪಾಠದ ನಡುವೆ ತೂಕಡಿಕೆ, ಬೇಗನೆ ಆಯಾಸ — ಇವನ್ನು ಕಂಡು ಸೋಮಾರಿತನವೆಂದು ಮಗಳನ್ನು ಗದರಿಸುವುದುಂಟು. ಅದು ಕಬ್ಬಿಣದಂಶದ ಕೊರತೆಯಾಗಿರಬಹುದೆಂಬುದನ್ನು ತಾಯ್ತಂದೆಗಳು ಮರೆಯಬಾರದು.

ಹರಿವೆ, ನುಗ್ಗೆ ಮೊದಲಾದ ಸೊಪ್ಪುಗಳಲ್ಲಿಯೂ ಹುರುಳಿ, ಹೆಸರು ಮುಂತಾದ ಕಾಳುಗಳಲ್ಲಿಯೂ ಕಬ್ಬಿಣದಂಶವುಂಟು. ಆದರೆ ದೇಹವು ಅದನ್ನು ಸುಲಭವಾಗಿ ಹೀರಿಕೊಳ್ಳಲಾರದು. ನಿಂಬೆ, ನೆಲ್ಲಿ, ಸೀಬೆಗಳಲ್ಲಿರುವ ‘ಸಿ’ ಜೀವಸತ್ವವು ಈ ಕಾರ್ಯಕ್ಕೆ ನೆರವಾಗುತ್ತದೆ. ಬೇಯಿಸಿದರೆ ಈ ಸತ್ವವು ಬಹಳಷ್ಟು ನಷ್ಟವಾಗುವುದರಿಂದ, ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆಯೇ ನಿಂಬೆಹಣ್ಣನ್ನು ಹಿಂಡತಕ್ಕದ್ದು. ಚಹ, ಕಾಫಿಗಳಾದರೋ ಇದಕ್ಕೆ ಅಡ್ಡಿಯನ್ನುಂಟುಮಾಡುವುವು. ಆದುದರಿಂದ ಊಟಕ್ಕೆ ಒಂದು ಗಂಟೆ ಮೊದಲೂ ಅನಂತರದ ಒಂದು ಗಂಟೆಯೂ ಅವನ್ನು ಕುಡಿಯದಿರುವುದು ಲೇಸು. ಇದಕ್ಕೆ ಕಾಸಿನ ವೆಚ್ಚವೂ ಇಲ್ಲ.

ಧಾನ್ಯದ ವಿಷಯದಲ್ಲಿಯೂ ಹೀಗೆಯೇ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್‌ಮನ್ನರು, ಬೆಳ್ಳಗೆ ಪಾಲಿಷ್ ಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳ ಕಾಲುಗಳು ಬಲಗುಂದುವುದನ್ನೂ, ತೌಡಿರುವ ಅಕ್ಕಿಯನ್ನು ಕೊಟ್ಟಾಗ ಅವು ಚೇತರಿಸಿಕೊಳ್ಳುವುದನ್ನೂ ಕಂಡರು. ಬೆರಿಬೆರಿ ರೋಗದ ಗುಟ್ಟು ಹೀಗೆ ಬಯಲಾಗತೊಡಗಿತು. 1929ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ನಮ್ಮ ಕರಾವಳಿಯ ಕುಚ್ಚಲಕ್ಕಿಯಲ್ಲಿ, ಭತ್ತವನ್ನು ಬೇಯಿಸುವಾಗಲೇ ಈ ಸತ್ವವು ಕಾಳಿನೊಳಕ್ಕೆ ಇಳಿಯುವುದರಿಂದ ಬಹುಮಟ್ಟಿಗೆ ಉಳಿದಿರುತ್ತದೆ. ಬಯಲುಸೀಮೆಯ ರಾಗಿಯ 100 ಗ್ರಾಮಿನಲ್ಲಿ ಎಲುಬನ್ನು ಗಟ್ಟಿಮಾಡುವ ಕ್ಯಾಲ್ಸಿಯಂ ಸುಮಾರು 350 ಮಿಲಿಗ್ರಾಮಿರುವುದು; ಬಿಳಿಯಕ್ಕಿಯಲ್ಲಿ ಸುಮಾರು 10 ಮಾತ್ರ.

ಇವೆಲ್ಲವನ್ನೂ ಒಂದೇ ದಿನ ಆರಂಭಿಸಬೇಡಿರಿ. ಈ ತಿಂಗಳು ಪಲ್ಯಕ್ಕೆ ನಿಂಬೆ. ಅದು ರೂಢಿಯಾದ ಮೇಲೆ ಚಹದ ವೇಳೆಯ ಬದಲಾವಣೆ. ಅನಂತರ ವಾರಕ್ಕೆರಡು ದಿನ ರಾಗಿ. ಮೊದಲೇ ಇರುವ ಅಭ್ಯಾಸಕ್ಕೆ ಹೊಸದನ್ನು ಜೋಡಿಸಿದರೆ ಅದು ಮರೆಯದು. ಒಂದು ದಿನ ತಪ್ಪಿದರೆ ಮರುದಿನ ಮುಂದುವರಿಸಿರಿ. ರಕ್ತಹೀನತೆ ಹೆಚ್ಚಾಗಿದ್ದರೆ ಆಹಾರವೊಂದೇ ಸಾಲದು. ವೈದ್ಯರಿಗೆ ತೋರಿಸಿ ಔಷಧವನ್ನು ಸೇವಿಸಲೇಬೇಕು.

ಕೊನೆಯದಾಗಿ, ಈಗ ಗೃಹಿಣಿಯರಾಗಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ. ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದುದನ್ನು ತಾನುಣ್ಣುವ ತಾಯಿಯನ್ನು ನಾವು ಹೊಗಳುತ್ತ ಬಂದಿದ್ದೇವೆ. ಅವಳ ತಟ್ಟೆಗೆ ಪಲ್ಯವು ಬಾರದಿದ್ದರೆ, ನಾಳೆ ಅವಳ ಮಗಳೂ ಅದನ್ನೇ ಕಲಿಯುವಳು. ಬಡಿಸುವಾಗಲೇ ನಿಮ್ಮ ಪಾಲನ್ನೂ ತೆಗೆದಿಡಿರಿ. ಮನೆಯ ಆರೋಗ್ಯವು ಅಲ್ಲಿಂದಲೇ ಆರಂಭವಾಗಲಿ.