ಚಿರಂಜೀವಿಗೂ ಸಾವು ತಂದ ಗ್ರೀಕರ ಕಥೆ

ಅಶ್ವತ್ಥಾಮನು ಚಿರಂಜೀವಿಯೆಂಬುದನ್ನು ನಮ್ಮ ಮನೆಗಳ ಮಕ್ಕಳಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಬೆಳಗಿನ ಸ್ಮರಣೆಯಲ್ಲಿ ಏಳು ಮಂದಿ ಚಿರಂಜೀವಿಗಳ ಪೈಕಿ ಮೊದಲು ಬರುವುದೇ ಅವನ ಹೆಸರು. ಹೀಗಿರಲು, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಹುಕಾಲ ಇಂಗ್ಲಿಷ್ ಬೋಧಿಸಿದ ಬಿ. ಎಂ. ಶ್ರೀಕಂಠಯ್ಯನವರು 1929ರ ತಮ್ಮ ‘ಅಶ್ವತ್ಥಾಮನ್’ ನಾಟಕದಲ್ಲಿ ಆ ಚಿರಂಜೀವಿಯ ಬಾಳಿಗೆ ಕೊನೆಯನ್ನು ಕಾಣಿಸಿದರು. ಅದಕ್ಕೆ ಕಾರಣ ಗ್ರೀಸ್ ದೇಶದ ಒಂದು ಹಳೆಯ ಕಥೆ.

ಟ್ರಾಯ್ ನಗರದ ಯುದ್ಧದಲ್ಲಿ ಅಕಿಲೀಸನು ಮಡಿದ ಮೇಲೆ ಅವನ ಆಯುಧಗಳು ಯಾರಿಗೆ ಸಲ್ಲಬೇಕೆಂಬ ವಿವಾದ ಹುಟ್ಟಿತು. ಅವು ತನಗೇ ಬರಬೇಕೆಂದು ಏಜಾಕ್ಸನು ನಂಬಿದ್ದನು. ಬಂದದ್ದು ಚತುರನಾದ ಓಡಿಸ್ಸಿಯಸನಿಗೆ. ಅವಮಾನದಿಂದ ಕೆರಳಿದ ಏಜಾಕ್ಸನು ಇರುಳಿನಲ್ಲಿ ಕತ್ತಿ ಹಿರಿದು ಹೊರಟನು. ಅಥೀನಾ ದೇವಿ ಅವನಿಗೆ ಮರುಳು ಕವಿಸಿದಳು. ಶತ್ರುಗಳೆಂದು ಭ್ರಮಿಸಿ ಅವನು ಕೊಂದದ್ದು ದನಕುರಿಗಳ ಮಂದೆಯನ್ನು. ಬುದ್ಧಿ ತಿಳಿದಾಗ ಆ ಮಹಾವೀರನಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ; ತನ್ನ ಕತ್ತಿಗೇ ತಾನು ಬಲಿಯಾದನು. ಶವಸಂಸ್ಕಾರವನ್ನೂ ಒಡೆಯರು ನಿರಾಕರಿಸಿದಾಗ, ಸತ್ತವನ ಪರವಾಗಿ ನಿಂತು ವಾದಿಸಿದವನು ಬೇರೆ ಯಾರೂ ಅಲ್ಲ, ಆ ಓಡಿಸ್ಸಿಯಸನೇ! ಸೊಫೋಕ್ಲೀಸ್ ಕವಿಯ ನಾಟಕದ ಸಾರ ಇಷ್ಟು.

ಇದನ್ನು ಕನ್ನಡದ ತರುಣರಿಗೆ ಹೇಳುವುದು ಹೇಗೆ? ಕೇಳರಿಯದ ಹೆಸರುಗಳ ನಡುವೆ ಕಣ್ಣೀರು ಬರುವುದುಂಟೆ? ಶ್ರೀಯವರು ಏಜಾಕ್ಸನಿಗೆ ನಮ್ಮಲ್ಲಿ ಸರಿಜೋಡಿಯನ್ನು ಹುಡುಕಿದರು. ಇರುಳಿನಲ್ಲಿ ಕತ್ತಿ ಹಿಡಿದು ಪಾಂಡವರ ಶಿಬಿರಕ್ಕೆ ನುಗ್ಗಿದವನು, ಆ ಕೃತ್ಯದ ಕಳಂಕವನ್ನು ಹೊತ್ತವನು ದ್ರೋಣಪುತ್ರನಲ್ಲದೆ ಮತ್ತಾರು? ಏಜಾಕ್ಸನ ಮಡದಿಯ ಸ್ಥಾನಕ್ಕೆ ಭಾರ್ಗವಿ ಬಂದಳು. ಅವನ ತಮ್ಮ, ಬಿಲ್ಗಾರ ಟ್ಯೂಸರನ ಸ್ಥಾನಕ್ಕೆ ಏಕಲವ್ಯ ಬಂದನು. ಈ ಆಯ್ಕೆಯ ಸೊಗಸನ್ನು ಗಮನಿಸಬೇಕು: ಬಿಲ್ಲಿಗೆ ಬಿಲ್ಲು ಹೊಂದಿತು, ಅದಕ್ಕಿಂತ ಮಿಗಿಲಾಗಿ, ಹೆಬ್ಬೆರಳನ್ನು ಕೊಯ್ದುಕೊಟ್ಟ ಶಿಷ್ಯನೇ ಆ ಗುರುವಿನ ಮಗನ ಪಕ್ಕದಲ್ಲಿ ನಿಂತನು. ಮೂಲ ಭಾರತದಲ್ಲಿ ಏಕಲವ್ಯನು ಯುದ್ಧಕ್ಕೆ ಮೊದಲೇ ಕೃಷ್ಣನಿಂದ ಹತನಾದವನೆಂಬುದು ಬೇರೆ ಮಾತು. ಒಬ್ಬನನ್ನು ಸಾಯಿಸಲು ಹೊರಟ ಕವಿ ಇನ್ನೊಬ್ಬನನ್ನು ಬದುಕಿಸಿದರು!

ಆದರೆ ವ್ಯಾಸರು ಕೊಟ್ಟ ಶಿಕ್ಷೆಯೇ ಬೇರೆ. ಶಿರೋಮಣಿಯನ್ನು ಕಳೆದುಕೊಂಡು ಮೂರು ಸಾವಿರ ವರ್ಷ ಒಬ್ಬಂಟಿಯಾಗಿ ಅಲೆಯುವುದು. ಸಾವು ಬಾರದಿರುವುದೇ ಅಲ್ಲಿ ಶಾಪ. ಗ್ರೀಕರ ವೀರನಿಗೆ ಮಾನ ಹೋದ ಮೇಲೆ ಉಳಿದದ್ದು ಸಾವೊಂದೇ. ಎರಡನ್ನೂ ಒಂದೇ ಎರಕದಲ್ಲಿ ಹೊಯ್ಯುವಾಗ ಯಾವುದಾದರೊಂದು ಒಡೆಯಲೇಬೇಕು. ಶ್ರೀಯವರು ಒಡೆದದ್ದು ನಮ್ಮ ನಂಬಿಕೆಯನ್ನು. ಇದು ಸಣ್ಣ ಸಾಹಸವಲ್ಲ. ಎಲ್ಲರೂ ಒಪ್ಪುವಂಥದೂ ಅಲ್ಲ.

ಈಸ್ಕಿಲಸನ ನಾಟಕವನ್ನು 1935ರಲ್ಲಿ ‘ಪಾರಸಿಕರು’ ಎಂದು ತಂದಾಗ ಅವರು ಈ ದಾರಿಯನ್ನು ಬಿಟ್ಟರು; ಪರ್ಷಿಯದ ಸೋಲು ಪರ್ಷಿಯದ್ದಾಗಿಯೇ ಉಳಿಯಿತು. ಕುವೆಂಪು ಅವರು ಮಕ್ಕಳಿಗಾಗಿ ಜರ್ಮನಿಯ ಇಲಿಗಳ ಕಥೆಯನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ಹೇಳಿದಾಗ ಅಲ್ಲಿನ ನದಿ ತುಂಗೆಯಾಯಿತು. ಅಲ್ಲಿ ಯಾವ ಚಿರಂಜೀವಿಯೂ ಅಡ್ಡ ಬರಲಿಲ್ಲ.

‘ಅಶ್ವತ್ಥಾಮನ್’ ನಾಟಕದ ಪ್ರೌಢ ಭಾಷೆ ಚಿಕ್ಕವರಿಗೆ ಎಟುಕದು. ಮನೆಯ ಹಿರಿಯರು ಅದನ್ನು ಕಥೆಯಾಗಿ ಬಿಡಿಸಿ ಹೇಳುವುದೇ ಸರಿ. ಮೊದಲು ಏಜಾಕ್ಸನ ಕಥೆ, ಆಮೇಲೆ ವ್ಯಾಸರದು, ಕೊನೆಗೆ ಶ್ರೀಯವರದು. ‘ಹಾಗಾದರೆ ಅಶ್ವತ್ಥಾಮ ಸತ್ತನೋ, ಇನ್ನೂ ಇದ್ದಾನೋ?’ ಎಂದು ಮಗು ಕೇಳದೆ ಬಿಡುವುದಿಲ್ಲ. ಮಾರನೆಯ ಬೆಳಗ್ಗೆ ಚಿರಂಜೀವಿಗಳನ್ನು ನೆನೆಯುವಾಗ ಮೊದಲ ಹೆಸರಿನಲ್ಲೇ ಅದರ ನಾಲಗೆ ಒಂದು ಕ್ಷಣ ತಡೆದರೂ ತಡೆಯಬಹುದು.